ಹಾಲು, ಬೆಣ್ಣೆ ಸೋಕದ ಮುಸುಕಿನ ಜೋಳದ ಚೌಡರ್: ತೆನೆ ಸುಲಿಯುವುದರಿಂದ ಬಟ್ಟಲಿಗೆ ಬಡಿಸುವವರೆಗೆ

ಆಗಸ್ಟ್ ತಿಂಗಳು ಬಂತೆಂದರೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ನಮ್ಮ ಊರಿನ ರಸ್ತೆ ಬದಿಯಲ್ಲಿ ರೈತರು ಮುಸುಕಿನ ಜೋಳವನ್ನು ರಾಶಿ ಹಾಕಿಕೊಂಡು ಕೂರುತ್ತಾರೆ. ಬೆಳಿಗ್ಗೆ ಕೊಯ್ದ ತೆನೆ, ಮುಸುಕಿನ ಮೇಲೆ ಇನ್ನೂ ಇಬ್ಬನಿಯ ತೇವ. ಅಲ್ಲಿಂದ ಅಕ್ಟೋಬರಿನ ಚಳಿ ಕಚ್ಚುವವರೆಗೂ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಚೌಡರ್ ಆಗಲೇಬೇಕು. ಸೂಪ್ ಅನ್ನಲು ದಪ್ಪ, ಪಲ್ಯ ಅನ್ನಲು ತೆಳು. ತೊವ್ವೆಗಿಂತ ಗಟ್ಟಿ, ಸಾಗುವಿಗಿಂತ ಸಡಿಲ. ಹೋಳು ಹೋಳಾಗಿ ತರಕಾರಿ ಕಾಣಬೇಕು, ಚಮಚ ಅದ್ದಿದರೆ ಭಾರ ಅನ್ನಿಸಬೇಕು. ಒಂದು ಬಟ್ಟಲು ಕುಡಿದರೆ ರಾತ್ರಿಯ ಊಟ ಮುಗಿದಂತೆ.

ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದು ಕ್ಯಾಂಟೀನಿನಲ್ಲಿ ಕಾರ್ನ್ ಚೌಡರ್ ಎಂಬ ಹೆಸರು ಕಂಡು, ಜೋಳದ್ದು ತಾನೆ ಎಂದು ಬಟ್ಟಲು ತುಂಬಿಸಿಕೊಂಡಿದ್ದೆ. ಎರಡನೆಯ ಚಮಚಕ್ಕೆ ಹಂದಿಮಾಂಸದ ಚೂರು ಬಾಯಿಗೆ ಸಿಕ್ಕಿತು. ಹುಟ್ಟಿದಾಗಿನಿಂದ ಮಾಂಸ ಮುಟ್ಟದವಳಿಗೆ ಆ ದಿನವೆಲ್ಲ ಏನೂ ಸೇರಲಿಲ್ಲ. ಓದಲು, ಕೆಲಸಕ್ಕೆ ಎಂದು ಇತ್ತ ಬರುವ ನಮ್ಮವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರಿನಲ್ಲಿ ಜೋಳವೊಂದೇ ಇದ್ದರೂ ತಳದಲ್ಲಿ ಹೆಚ್ಚಾಗಿ ಬೇಕನ್, ಅಂದರೆ ಉಪ್ಪು ಹಾಕಿ ಹೊಗೆ ಹಿಡಿಸಿದ ಹಂದಿಮಾಂಸ, ಇರುತ್ತದೆ, ಇಲ್ಲವೇ ನೀರಿನ ಬದಲು ಕೋಳಿಯ ರಸ. ಇವೆರಡೂ ಇಲ್ಲದಿದ್ದರೂ ಹಾಲು, ಕ್ರೀಮ್ ತಪ್ಪಿದ್ದಲ್ಲ. ಕೇಳಿಯೇ ತಿನ್ನಿ.

ನಾನು ಮನೆಯಲ್ಲೇ ಮಾಡಲು ಕೂತದ್ದು ಮಗಳಿಗಾಗಿ. ಕಾಲೇಜಿನ ಎರಡನೆಯ ವರ್ಷದಲ್ಲಿ ಅವಳು ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟಳು. ಮೊಸರನ್ನದಿಂದ ಊಟ ಮುಗಿಸುವ ಮನೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ರಜೆಗೆ ಬಂದವಳಿಗೆ ಬಿಸಿಬಿಸಿಯಾಗಿ ಏನಾದರೂ ಕೊಡಬೇಕೆಂದು ಹಾಲಿನ ಜಾಗಕ್ಕೆ ತೆಂಗಿನಹಾಲು ಸುರಿದು ಚೌಡರ್ ಮಾಡಿದೆ. ಅವಳು ಪೂರ್ತಿ ತಿಂದಳು. ಬಟ್ಟಲು ಕೆಳಗಿಟ್ಟು, "ಅಮ್ಮಾ, ತುಂಬ ಚೆನ್ನಾಗಿದೆ. ಆದರೆ ಇದು ನೀನು ಪೂರಿಗೆ ಮಾಡ್ತೀಯಲ್ಲ, ಆ ಬಿಳಿ ಸಾಗು," ಅಂದಳು. ಸರಿಯಾದ ಮಾತು. ತೆಂಗು ಎಲ್ಲಿ ಹೋದರೂ ತಾನೇ ಯಜಮಾನ, ಜೋಳದ ನವಿರಾದ ಸಿಹಿಯನ್ನು ಅದು ಮೇಲೇಳಲು ಬಿಡುವುದಿಲ್ಲ. ಮುಂದಿನ ಸಲ ಮೈದಾ ಹುರಿದು ಬಾದಾಮಿ ಹಾಲು ಹಾಕಿದೆ. ಅದು ಅಂಟಿನ ಹಾಗಾಯಿತು.

ಎಡವಿದ್ದು ಎಲ್ಲಿ ಅಂತ ಗೊತ್ತಾದದ್ದು ಚೌಡರ್‌ನ ಹಳೆಯ ಕಥೆ ಓದಿದ ಮೇಲೆ. ಅಚ್ಚಾದ ಚೌಡರ್ ವಿಧಾನಗಳಲ್ಲಿ ತೀರ ಹಳೆಯದೆಂದು ಹೆಸರಾದದ್ದು 1751ರ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿ ಬಂದದ್ದು, ಅದೂ ಪದ್ಯದ ರೂಪದಲ್ಲಿ. ಮೀನುಗಾರರ ಅಡುಗೆ ಅದು. ತಳಕ್ಕೆ ಈರುಳ್ಳಿ ಹಾಸಬೇಕು, ಏಕೆಂದರೆ ಚೌಡರ್‌ನಲ್ಲಿ ಕೈಯಾಡಿಸುವಂತಿಲ್ಲ, ಮಾಂಸ ತಳ ಹಿಡಿಯಬಾರದು. ಅದರ ಮೇಲೆ ಹಂದಿಮಾಂಸ, ಮೀನು, ಥೈಮ್ ಮುಂತಾದ ಸೊಪ್ಪುಗಳು, ಆಮೇಲೆ ನೆನೆಸಿದ ಬಿಸ್ಕತ್ತು. ಹೀಗೆ ಪದರದ ಮೇಲೆ ಪದರ. ಕೊನೆಗೆ ವೈನು, ನೀರು. ಗಮನಿಸಿ, ಇದರಲ್ಲಿ ಹಾಲಿನ ಸುದ್ದಿಯೇ ಇಲ್ಲ, ಆಲೂಗಡ್ಡೆಯೂ ಇಲ್ಲ. ಅವು ಸೇರಿದ್ದು ಆಮೇಲೆ. ದಪ್ಪ ಕೊಡುತ್ತಿದ್ದದ್ದು ಹಡಗಿನವರು ತಿಂಗಳುಗಟ್ಟಲೆ ಕಟ್ಟಿಟ್ಟುಕೊಳ್ಳುತ್ತಿದ್ದ ಕಲ್ಲಿನಂಥ ಬಿಸ್ಕತ್ತು.

ಅಂದರೆ ಚೌಡರ್‌ಗೆ ಮೈ ಬರುವುದು ಪಿಷ್ಟದಿಂದ. ಹಾಲು ತೆಗೆದು ಅದರ ಜಾಗಕ್ಕೆ ಇನ್ನೊಂದು ಹಾಲು ಹುಡುಕುವುದೇ ತಪ್ಪು ದಾರಿ. ಪಾತ್ರೆಯೊಳಗಿರುವ ಆಲೂಗಡ್ಡೆ ಮತ್ತು ಜೋಳದಿಂದಲೇ ದಪ್ಪ ತೆಗೆಯಬೇಕು. ಕೆಳಗಿನ ವಿಧಾನವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ಏನೇನು ಬೇಕು

ನಾಲ್ಕೈದು ಜನರಿಗೆ ಹೊಟ್ಟೆ ತುಂಬ ಸಾಕಾಗುವ ಅಳತೆ ಇದು. ಒಂದು ಕಪ್ ಎಂದರೆ 240 ಮಿಲಿಲೀಟರ್.

ಮುಸುಕಿನ ಜೋಳ (ಸ್ವೀಟ್ ಕಾರ್ನ್): 4 ತೆನೆ, ಬಿಡಿಸಿದರೆ ಸುಮಾರು 3 ಕಪ್ ಕಾಳು
ಆಲೂಗಡ್ಡೆ: 600 ಗ್ರಾಂ
ಈರುಳ್ಳಿ: ದೊಡ್ಡದು 1
ಸೆಲರಿ: 2 ದಂಟು
ಕ್ಯಾರೆಟ್: 1
ಕೆಂಪು ದೊಣ್ಣೆಮೆಣಸಿನಕಾಯಿ: ಅರ್ಧ
ಬಟನ್ ಅಣಬೆ: 150 ಗ್ರಾಂ
ಬೆಳ್ಳುಳ್ಳಿ: 3 ಎಸಳು
ಗೋಡಂಬಿ: ಅರ್ಧ ಕಪ್, ಸುಮಾರು 70 ಗ್ರಾಂ
ಆಲಿವ್ ಎಣ್ಣೆ ಅಥವಾ ವಾಸನೆಯಿಲ್ಲದ ಯಾವುದೇ ಎಣ್ಣೆ: 3 ದೊಡ್ಡ ಚಮಚ
ಪಲಾವ್ ಎಲೆ: 2
ಥೈಮ್: 4 ಕಡ್ಡಿ, ಒಣಗಿದ್ದಾದರೆ ಮುಕ್ಕಾಲು ಚಿಕ್ಕ ಚಮಚ
ಹೊಗೆಯ ಪಾಪ್ರಿಕಾ ಪುಡಿ (ಹೊಗೆಯಲ್ಲಿ ಒಣಗಿಸಿದ, ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ): 1 ಚಿಕ್ಕ ಚಮಚ
ಬಿಳಿ ಮಿಸೊ: 1 ದೊಡ್ಡ ಚಮಚ
ಕಾಳುಮೆಣಸಿನ ಪುಡಿ, ಉಪ್ಪು
ಆಪಲ್ ಸೈಡರ್ ವಿನೆಗರ್ ಅಥವಾ ನಿಂಬೆರಸ: 2 ಚಿಕ್ಕ ಚಮಚ
ಮೇಲೆ ಉದುರಿಸಲು ಈರುಳ್ಳಿ ಸೊಪ್ಪು

ಮಿಸೊ ಎಂದರೆ ಸೋಯಾ ಹುದುಗಿಸಿ ಮಾಡುವ ಜಪಾನಿನ ಉಪ್ಪುಪ್ಪಾದ ಮುದ್ದೆ. ಕೆಲವು ಡಬ್ಬಿಗಳಲ್ಲಿ ಮೀನಿನ ಸಾರ ಬೆರೆಸಿರುತ್ತಾರೆ, ಪಟ್ಟಿ ಓದಿ ಕೊಳ್ಳಿ. ಸಿಗದಿದ್ದರೆ ಒಂದು ಚಿಕ್ಕ ಚಮಚ ಸೋಯಾ ಸಾಸ್ ಸಾಕು. ಬಣ್ಣ ಸ್ವಲ್ಪ ಕಂದಾಗುತ್ತದೆ, ಅಷ್ಟೆ.

ಆಲೂಗಡ್ಡೆ ಆರಿಸುವುದು

ಇಲ್ಲಿ ಅವಸರ ಬೇಡ, ಅರ್ಧ ಅಡುಗೆ ಇದರಲ್ಲೇ ಇದೆ. ಆಲೂಗಡ್ಡೆಯಲ್ಲಿ ಎರಡು ಸ್ವಭಾವ. ಒಂದು ಬೆಂದ ಕೂಡಲೇ ಹಿಟ್ಟುಹಿಟ್ಟಾಗಿ ಒಡೆಯುತ್ತದೆ, ಅದರಲ್ಲಿ ಪಿಷ್ಟ ಹೆಚ್ಚು. ಇನ್ನೊಂದು ಬೆಂದರೂ ಹೋಳಿನ ಅಂಚು ಬಿಟ್ಟುಕೊಡುವುದಿಲ್ಲ, ಅದರಲ್ಲಿ ನೀರಿನಂಶ ಹೆಚ್ಚು. ಚೌಡರ್‌ಗೆ ಎರಡೂ ಬೇಕು. ಕರಗಿ ದಪ್ಪ ಕೊಡಲು ಒಂದು, ಬಾಯಿಗೆ ಹೋಳಾಗಿ ಸಿಗಲು ಇನ್ನೊಂದು. ಅಮೆರಿಕದಲ್ಲಿದ್ದರೆ ಕರಗಲು ರಸೆಟ್ 300 ಗ್ರಾಂ, ಹೋಳಿಗೆ ಕೆಂಪು ಸಿಪ್ಪೆಯದು 300 ಗ್ರಾಂ ತೆಗೆದುಕೊಳ್ಳಿ. ಒಂದೇ ಬಗೆ ಸಾಕೆನ್ನುವವರು ಯೂಕನ್ ಗೋಲ್ಡ್ ತನ್ನಿ, ಅದು ಎರಡರ ನಡುವಿನದು.

ನಮ್ಮ ಸಂತೆಗಳಲ್ಲಿ ಹೀಗೆ ಹೆಸರು ಹಚ್ಚಿ ಮಾರುವುದಿಲ್ಲ. ಆದರೆ ಹೊಸ ಆಲೂಗಡ್ಡೆ, ಹಳೆ ಆಲೂಗಡ್ಡೆ ಎಂಬ ಭೇದ ಎಲ್ಲರಿಗೂ ಗೊತ್ತು. ಉಗುರಿನಿಂದ ಉಜ್ಜಿದರೆ ಸಿಪ್ಪೆ ಏಳುವ ಹೊಸದು ಹೋಳಿಗೆ, ಸಿಪ್ಪೆ ಬಲಿತ ಹಳೆಯದು ಕರಗಲಿಕ್ಕೆ. ಅನುಮಾನ ಉಳಿದರೆ ಒಂದು ಪರೀಕ್ಷೆ ಇದೆ. ಒಂದು ಅಳತೆ ಉಪ್ಪಿಗೆ ಹನ್ನೊಂದು ಅಳತೆ ನೀರು ಬೆರೆಸಿ ಗಡ್ಡೆಯನ್ನು ಬಿಡಿ. ಪಿಷ್ಟ ಹೆಚ್ಚಿರುವುದು ಭಾರವಾದ್ದರಿಂದ ಮುಳುಗುತ್ತದೆ, ನೀರಿನಂಶ ಹೆಚ್ಚಿರುವುದು ತೇಲುತ್ತದೆ. ಮಕ್ಕಳಿದ್ದರೆ ಈ ಕೆಲಸ ಅವರಿಗೆ ಕೊಡಿ.

ಹೆಚ್ಚಿದ ಹೋಳನ್ನು ತೊಳೆಯಬೇಡಿ. ನಮಗೆ ಆಲೂಗಡ್ಡೆ ಹೆಚ್ಚಿ ನೀರಿಗೆ ಹಾಕುವ ಅಭ್ಯಾಸ. ಚಿಪ್ಸ್‌ಗೆ ಅದು ಸರಿ, ಇಲ್ಲಿ ಆ ನೀರಿನೊಂದಿಗೆ ಪಿಷ್ಟವೂ ಹೋಗುತ್ತದೆ. ಕಪ್ಪಾಗುವ ಭಯವಿದ್ದರೆ ಒಂದು ಕಪ್ ನೀರಿನಲ್ಲಿ ಮುಳುಗಿಸಿಡಿ, ಆಮೇಲೆ ಆ ನೀರನ್ನೂ ಪಾತ್ರೆಗೇ ಸುರಿಯಿರಿ.

ಮೊದಲ ಕೆಲಸ: ತೆನೆ ಸುಲಿದು ರಸ ತೆಗೆಯುವುದು

ಗೋಡಂಬಿಯನ್ನು ಎಲ್ಲಕ್ಕಿಂತ ಮುಂಚೆ ಕುದಿಯುವ ನೀರಿನಲ್ಲಿ ನೆನೆಹಾಕಿ ಪಕ್ಕಕ್ಕಿಡಿ. ನಾವು ಉಳಿದದ್ದು ಮುಗಿಸುವ ಹೊತ್ತಿಗೆ ಅದು ಮೆತ್ತಗಾಗಿರುತ್ತದೆ. ತಣ್ಣೀರಾದರೆ ಮೂರು ನಾಲ್ಕು ಗಂಟೆ ಬೇಕು.

ಮುಸುಕು ಬಿಚ್ಚಿ, ರೇಷ್ಮೆಯಂಥ ಕೂದಲನ್ನೆಲ್ಲ ತೆಗೆದು, ತೆನೆಯನ್ನು ಅಗಲವಾದ ಬೇಸಿನ್ನಿನಲ್ಲಿ ನೆಟ್ಟಗೆ ನಿಲ್ಲಿಸಿ ಮೇಲಿಂದ ಕೆಳಕ್ಕೆ ಚಾಕು ಎಳೆಯಿರಿ. ಕಾಳಿನ ಬುಡದವರೆಗೆ ಕತ್ತರಿಸಬೇಡಿ, ಮುಕ್ಕಾಲು ಭಾಗ ಬಂದರೆ ಸಾಕು. ಈಗ ಚಾಕುವನ್ನು ತಿರುಗಿಸಿ ಅದರ ಬೆನ್ನಿನಿಂದ ದಿಂಡನ್ನು ಒತ್ತಿ ಕೆರೆಯಿರಿ. ಕಾಳಿನ ಬುಡದಲ್ಲಿ ಉಳಿದಿದ್ದ ಬೆಳ್ಳನೆಯ ಹಾಲು ದಪ್ಪಗೆ ಇಳಿಯುತ್ತದೆ. ಒಂದು ತೆನೆಗೆ ಒಂದೆರಡು ಚಮಚ ಬರಬಹುದು. ಬೆರಳಿಗೆ ಅಂಟುವ ಆ ಹಾಲೇ ನಮ್ಮ ಕ್ರೀಮ್, ಒಂದು ಹನಿ ಕೂಡ ಬಿಡಬೇಡಿ. ತೆನೆ ಕೊಯ್ದ ಗಳಿಗೆಯಿಂದ ಕಾಳಿನ ಸಕ್ಕರೆ ಪಿಷ್ಟವಾಗುತ್ತ ಹೋಗುತ್ತದೆ, ಆದ್ದರಿಂದ ತಂದ ದಿನವೇ ಮಾಡಿದರೆ ಸಿಹಿ. ಒಂದೆರಡು ದಿನ ತಡವಾಯಿತೆಂದರೆ ಸಿಹಿ ಕಡಿಮೆಯಾಗಬಹುದು, ದಪ್ಪಕ್ಕೇನೂ ಕೊರತೆಯಿಲ್ಲ.

ಬರಿದಾದ ದಿಂಡುಗಳನ್ನು ಎರಡೆರಡು ತುಂಡು ಮಾಡಿ 7 ಕಪ್ ನೀರಿಗೆ ಹಾಕಿ. ಪಲಾವ್ ಎಲೆ, ಅಣಬೆಯ ತೊಟ್ಟು, ಸೆಲರಿಯ ಎಲೆ, ಈರುಳ್ಳಿಯ ಹೊರ ಪದರವೂ ಹೋಗಲಿ. ಸಣ್ಣ ಉರಿಯಲ್ಲಿ 35 ನಿಮಿಷ ಕುದಿಸಿ ಸೋಸಿ. ಕುಕ್ಕರಿನಲ್ಲಾದರೆ ಎರಡು ಕೂಗು. 5 ಕಪ್‌ನಷ್ಟು ತಿಳಿ ಹಳದಿ ರಸ ಸಿಗುತ್ತದೆ. ಮೂಗಿನ ಹತ್ತಿರ ತಂದರೆ ಮಳೆಗಾಲದ ಸಂಜೆ ರಸ್ತೆಯಂಚಿನಲ್ಲಿ ಜೋಳ ಬೇಯಿಸುವವನ ಹಂಡೆಯ ಪರಿಮಳ. ಪುಡಿಯ ಪೊಟ್ಟಣ ಕರಗಿಸಿದ ನೀರಿನಿಂದ ಇದು ಬರುವುದಿಲ್ಲ, ಎಷ್ಟು ಸಲ ಹೇಳಿದರೂ ನನಗೆ ಸಾಲದು. ಅದಕ್ಕೇ ಹೇಳುವುದು, ಕಾಳು ಬಿಡಿಸಿದ ಮೇಲೆ ದಿಂಡು ಬಿಸಾಡಬೇಡಿ.

ಎರಡನೆಯದು: ಅಣಬೆ ಮತ್ತು ಹೊಗೆ

ಹಳೆಯ ಚೌಡರ್‌ನಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಂದಿಮಾಂಸ, ಈಗಿನದರಲ್ಲಿ ಬೇಕನ್ ಮಾಡುವ ಕೆಲಸವನ್ನು ನಾವು ಅಣಬೆಯಿಂದ, ಹೊಗೆಯ ಪಾಪ್ರಿಕಾದಿಂದ ಮಾಡಿಸುತ್ತೇವೆ. ದಪ್ಪ ತಳದ ಪಾತ್ರೆ ಚೆನ್ನಾಗಿ ಕಾಯಲಿ. ಒಂದು ಚಮಚ ಎಣ್ಣೆ ಬಿಟ್ಟು ಅಣಬೆಯ ಹೋಳನ್ನು ಒಂದೇ ಪದರವಾಗಿ ಹರಡಿ. ಉಪ್ಪು ಈಗ ಬೇಡ, ಹಾಕಿದರೆ ನೀರು ಬಿಟ್ಟುಕೊಂಡು ಬೆಂದುಬಿಡುತ್ತದೆ. ನಮಗೆ ಬೇಕಾದದ್ದು ಅಂಚು ಕೆಂಪಗಾಗಿ ಸುರುಟುವುದು. ಮೂರು ನಿಮಿಷ ಮುಟ್ಟದೆ ಬಿಡಿ, ಆಮೇಲೆ ಮಗುಚಿ. ಕಂದು ಬಣ್ಣ ಬಂದ ಮೇಲೆ ಚಿಟಿಕೆ ಉಪ್ಪು ಹಾಕಿ ಬೇರೆ ತಟ್ಟೆಗೆ ತೆಗೆಯಿರಿ. ತಳದಲ್ಲಿ ಕಚ್ಚಿಕೊಂಡ ಕಂದು ಕಲೆ ಹಾಗೇ ಇರಲಿ, ರುಚಿ ಅದರಲ್ಲಿದೆ.

ಹೊಗೆಯ ಪಾಪ್ರಿಕಾ ಊರಿನಲ್ಲಿ ಸಿಗದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ, ಪಾಪ್ರಿಕಾಕ್ಕೆ ಅದಕ್ಕಿಂತ ಹತ್ತಿರದ್ದು ನನಗೆ ಗೊತ್ತಿಲ್ಲ. ಎರಡು ಕಾಯಿ ಹುರಿದು, ಬೀಜ ತೆಗೆದು ನುಣ್ಣಗೆ ಪುಡಿ ಮಾಡಿ. ಹೊಗೆಗೆ ಕೆಂಡ ಬೇಕು. ಚೌಡರ್ ಪೂರ್ತಿ ಆದ ಮೇಲೆ ಅದರೊಳಗೆ ಒಂದು ಸ್ಟೀಲ್ ಬಟ್ಟಲು ತೇಲಿಬಿಟ್ಟು, ನಿಗಿನಿಗಿ ಕೆಂಡವೊಂದನ್ನಿಟ್ಟು, ಅದರ ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟು ಮುಚ್ಚಿ. ಮೂರು ನಿಮಿಷ ಸಾಕು, ಮೀರಿದರೆ ಕಹಿ. ಕಿಟಕಿ ತೆರೆದಿರಲಿ.

ಮೂರನೆಯದು: ಈರುಳ್ಳಿ ಬಾಡಿಸುವುದು

ಅದೇ ಪಾತ್ರೆಗೆ ಉಳಿದ ಎಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಸೆಲರಿ, ಕ್ಯಾರೆಟ್, ಅರ್ಧ ಚಿಕ್ಕ ಚಮಚ ಉಪ್ಪು. ಉರಿ ಸಣ್ಣದಿರಲಿ, ಮುಚ್ಚಳ ಅರ್ಧ ಮುಚ್ಚಿರಲಿ. ಇಲ್ಲಿ ಈರುಳ್ಳಿ ಕೆಂಪಗಾಗಬಾರದು. ಗೊಜ್ಜಿಗೆ, ಪಲಾವಿಗೆ ಹುರಿಯುವ ಕೈ ತಾನಾಗಿ ಉರಿ ಹೆಚ್ಚಿಸುತ್ತದೆ, ತಡೆದುಕೊಳ್ಳಿ. ಕೆಂಪಾದರೆ ಬಣ್ಣವೂ ಕೆಡುತ್ತದೆ, ಜೋಳದ ಸಿಹಿಯ ಮೇಲೆ ಇನ್ನೊಂದು ಸಿಹಿ ಕೂತುಬಿಡುತ್ತದೆ. 12 ನಿಮಿಷದಲ್ಲಿ ಈರುಳ್ಳಿ ಗಾಜಿನಂತೆ ತಿಳಿಯಾಗಿ, ಸೌಟಿನಿಂದ ಒತ್ತಿದರೆ ಎರಡಾಗಬೇಕು. ಆಗ ಜಜ್ಜಿದ ಬೆಳ್ಳುಳ್ಳಿ, ಥೈಮ್, ಪಾಪ್ರಿಕಾ ಹಾಕಿ ಅರ್ಧ ನಿಮಿಷ ಆಡಿಸಿ. ಪಾಪ್ರಿಕಾ ಬೇಗ ಸೀಯುತ್ತದೆ, ಪಕ್ಕದಲ್ಲೇ ರಸ ಸಿದ್ಧವಿರಲಿ.

ಥೈಮ್ ಸಿಗದ ಊರಿನವರಿಗೆ ದೊಡ್ಡಪತ್ರೆ ಇದೆ. ಥೈಮ್‌ಗೆ ಆ ಘಮ ಕೊಡುವ ಥೈಮಾಲ್, ಕಾರ್ವಕ್ರಾಲ್ ಎಂಬ ತೈಲಾಂಶಗಳು ನಮ್ಮ ಹಿತ್ತಲಿನ ದೊಡ್ಡಪತ್ರೆಯಲ್ಲೂ ಇವೆ. ಅಂಗೈಯಲ್ಲಿ ಒಂದು ಎಲೆ ಹಿಸುಕಿ ಮೂಸಿದರೆ ನಂಬಿಕೆ ಬರುತ್ತದೆ. ಆದರೆ ಅದರ ಗಡಸು ಹೆಚ್ಚು. ಒಂದೇ ಒಂದು ಎಲೆ, ಸಣ್ಣಗೆ ಹೆಚ್ಚಿ ಹಾಕಿ, ಎರಡು ಹಾಕಿದರೆ ತಂಬುಳಿಯ ನೆನಪಾಗುತ್ತದೆ. ಸೆಲರಿಯ ಬದಲು ಕೊತ್ತಂಬರಿಯ ಎಳೆ ದಂಟು ಒಂದು ಹಿಡಿ ಹಾಕಬಹುದು. ರುಚಿ ಬೇರೆಯದೇ, ಆದರೆ ಹಸಿರು ಘಮ ಸಿಗುತ್ತದೆ.

ಅರಿಸಿನ, ಜೀರಿಗೆ, ಸಾಸಿವೆಯ ಒಗ್ಗರಣೆ ಬೇಡ. ಅವೆಲ್ಲ ಹಾಕಿದರೆ ರುಚಿಯಾದ ಇನ್ನೊಂದು ಪದಾರ್ಥವಾಗುತ್ತದೆ, ನಮ್ಮಲ್ಲಿ ಅಂಥವು ಬೇಕಾದಷ್ಟಿವೆ. ಚೌಡರ್ ಮಾಡುವ ದಿನ ಮೆಲುದನಿಯ ರುಚಿಗೆ ಅವಕಾಶ ಕೊಡಿ.

ನಾಲ್ಕನೆಯದು: ಆಲೂಗಡ್ಡೆ ಬೇಯಿಸಿ ಕರಗಿಸುವುದು

ಬೇಗ ಕರಗುವ ಆಲೂಗಡ್ಡೆಯನ್ನು ಒಂದು ಸೆಂಟಿಮೀಟರಿನ ಸಣ್ಣ ಹೋಳಾಗಿ, ಗಟ್ಟಿಯಾಗಿ ಉಳಿಯುವುದನ್ನು ಒಂದೂವರೆ ಸೆಂಟಿಮೀಟರಿನ ಹೋಳಾಗಿ ಹೆಚ್ಚಿ. ದಿಂಡಿನ ರಸವನ್ನೆಲ್ಲ ಸುರಿದು, ತಳದ ಕಂದು ಕಲೆಗಳನ್ನು ಕೆರೆದು ಬಿಡಿಸಿ, ಮೊದಲು ಸಣ್ಣ ಹೋಳುಗಳನ್ನಷ್ಟೇ ಹಾಕಿ. ಹೋಳು ನೆನೆಸಿದ ನೀರಿದ್ದರೆ ಅದೂ ಈಗಲೇ. ಹತ್ತು ನಿಮಿಷ ಸಣ್ಣಗೆ ಕುದಿಯಲಿ. ಕೊತಕೊತ ಕುದಿಸಿದರೆ ಹೊರಗೆ ಒಡೆದು ಒಳಗೆ ಹಸಿ ಉಳಿಯುತ್ತದೆ. ಸೌಟಿನ ಹಿಂಬದಿಯಿಂದ ಪಾತ್ರೆಯ ಗೋಡೆಗೆ ಒಂದು ಹೋಳನ್ನು ಒತ್ತಿ ನೋಡಿ. ಬೆಣ್ಣೆಯಂತೆ ಹರಡಿದರೆ ಹದ ಬಂತು.

ಈಗ ಕಡಗೋಲು ತೆಗೆದುಕೊಳ್ಳಿ. ಬೇಳೆ ಮಸೆಯುವ ಅದೇ ಮರದ ಕಡಗೋಲು. ಹತ್ತು ಹನ್ನೆರಡು ಸಲ ಒತ್ತಿ ಮಸೆದರೆ ಆಲೂಗಡ್ಡೆ ಕರಗಿ, ನೀರಿನಂತಿದ್ದ ರಸ ಕಣ್ಣೆದುರೇ ಮಂದವಾಗುತ್ತದೆ. ಆಲೂಗಡ್ಡೆಯ ಪಿಷ್ಟದ ಕಣಗಳು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ನೀರು ಹೀರಿ ಉಬ್ಬಿರುತ್ತವೆ, ಹೋಳು ಒಡೆದಾಗ ಅವು ರಸದಲ್ಲಿ ಬೆರೆತು ಹಿಡಿದುಕೊಳ್ಳುತ್ತವೆ. ಈ ಕೆಲಸಕ್ಕೆ ಮಿಕ್ಸಿ ಮಾತ್ರ ಬೇಡ. ಅದರ ಬ್ಲೇಡು ಕಣಗಳನ್ನೆಲ್ಲ ಕತ್ತರಿಸಿ ಪಿಷ್ಟವನ್ನು ಅಂಟು ಮಾಡಿಬಿಡುತ್ತದೆ, ಕಾಗದ ಅಂಟಿಸುವ ಗೋಂದಿನ ಹಾಗೆ ಎಳೆ ಎಳೆಯಾಗಿ ಬರುತ್ತದೆ.

ಆಮೇಲೆ ದೊಡ್ಡ ಹೋಳುಗಳು, ಒಂದು ಚಿಕ್ಕ ಚಮಚ ಉಪ್ಪು. ಮತ್ತೆ ಹನ್ನೆರಡರಿಂದ ಹದಿನೈದು ನಿಮಿಷ. ದಪ್ಪವಾಗಿರುವುದರಿಂದ ತಳ ಹಿಡಿಯುತ್ತದೆ, ಆಗಾಗ ಕೈಯಾಡಿಸಿ. ಒಂದು ಬಗೆಯ ಆಲೂಗಡ್ಡೆ ಮಾತ್ರ ಇದ್ದರೆ ಅರ್ಧ ಮೊದಲು, ಅರ್ಧ ಆಮೇಲೆ ಹಾಕಿದರಾಯಿತು. ನಿಂಬೆ, ವಿನೆಗರ್, ಟೊಮೇಟೊ ಯಾವುದನ್ನೂ ಈ ಹಂತದಲ್ಲಿ ಹಾಕಕೂಡದು. ಹುಳಿ ಸೇರಿದ ನೀರಿನಲ್ಲಿ ಆಲೂಗಡ್ಡೆ ಮೆತ್ತಗಾಗಲು ಹಟ ಹಿಡಿಯುತ್ತದೆ. ಸಾಂಬಾರಿಗೆ ಹುಣಸೆರಸವನ್ನು ತರಕಾರಿ ಬೆಂದ ಮೇಲೆ ಹಾಕಬೇಕು ಎಂದು ಅಜ್ಜಿಯಂದಿರು ಹೇಳುತ್ತಿದ್ದದ್ದು ಇದಕ್ಕೇ.

ಐದನೆಯದು: ಗೋಡಂಬಿ ಮತ್ತು ಜೋಳದ ಹಾಲು

ಆಲೂಗಡ್ಡೆ ಬೇಯುತ್ತಿರುವಾಗ, ನೆನೆದ ಗೋಡಂಬಿಯ ನೀರು ಬಸಿದು, ಒಂದು ಕಪ್ ಜೋಳದ ಕಾಳು, ಕೆರೆದಿಟ್ಟ ತೆನೆಯ ಹಾಲು, ಮುಕ್ಕಾಲು ಕಪ್ ತಣ್ಣೀರು ಸೇರಿಸಿ ಮಿಕ್ಸಿಯಲ್ಲಿ ರುಬ್ಬಿ. ಇದರಲ್ಲಿ ಆಲೂಗಡ್ಡೆ ಇಲ್ಲವಾದ್ದರಿಂದ ಎಷ್ಟು ನುಣ್ಣಗೆ ರುಬ್ಬಿದರೂ ಅಂಟಾಗುವುದಿಲ್ಲ. ಎರಡು ನಿಮಿಷ ರುಬ್ಬಿ, ಬೆರಳಿನಿಂದ ತೀಡಿ ನೋಡಿ, ತರಿ ಇದ್ದರೆ ಇನ್ನೊಂದು ನಿಮಿಷ. ನಮ್ಮ ಮಿಕ್ಸಿಗಳಲ್ಲಿ ಜೋಳದ ಸಿಪ್ಪೆ ಪೂರ್ತಿ ನುಣ್ಣಗಾಗದು, ಜರಡಿಯಲ್ಲಿ ಸೋಸಿದರೆ ರೇಷ್ಮೆಯಂತಾಗುತ್ತದೆ. ಸಮಯವಿಲ್ಲದ ದಿನ ನಾನು ಸೋಸುವುದಿಲ್ಲ. ಬಿಸಿ ರಸ ಹಾಕಿ ರುಬ್ಬಲು ಹೋಗಬೇಡಿ, ಆವಿ ಕಟ್ಟಿ ಮುಚ್ಚಳ ಹಾರಿದರೆ ಮುಖ, ಕೈ ಸುಡುತ್ತದೆ.

ಗೋಡಂಬಿಯಲ್ಲಿ ಕೊಬ್ಬಿನ ಜೊತೆಗೆ ಪಿಷ್ಟವೂ ಇದೆ. ಬಾದಾಮಿಗೂ ಅದಕ್ಕೂ ಇರುವ ವ್ಯತ್ಯಾಸ ಇದೇ. ಕಾಯಿಸಿದಂತೆ ದಪ್ಪವಾಗುವುದು ಗೋಡಂಬಿ, ನೀರಾಗಿಯೇ ಉಳಿಯುವುದು ಬಾದಾಮಿ ಹಾಲು. ಗೋಡಂಬಿ ಆಗದವರು ಕರಬೂಜದ ಬೀಜ ಅಥವಾ ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ ಅಷ್ಟೇ ಅಳತೆಗೆ ನೆನೆಸಿಕೊಳ್ಳಿ. ಅಂಗಡಿಯ ಓಟ್ಸ್ ಹಾಲು ಸಿಹಿ ಹೆಚ್ಚು ಮಾಡುತ್ತದೆ. ಸೋಯಾ ಹಾಲು ಬಿಸಿಯಲ್ಲಿ ಹುಳಿ ಸೇರಿದೊಡನೆ ಒಡೆಯುತ್ತದೆ.

ಆಲೂಗಡ್ಡೆಯ ದೊಡ್ಡ ಹೋಳಿಗೆ ಚಾಕುವಿನ ತುದಿ ಸಲೀಸಾಗಿ ಇಳಿದ ಕೂಡಲೇ ಉಳಿದ ಎರಡು ಕಪ್ ಜೋಳದ ಕಾಳು, ಸಣ್ಣ ಚೌಕ ಹೋಳಿನ ದೊಣ್ಣೆಮೆಣಸಿನಕಾಯಿ ಹಾಕಿ ಐದು ನಿಮಿಷ ಬೇಯಿಸಿ. ಹಲ್ಲಿಗೆ ಕಾಳು ಪಟ್ಟನೆ ಒಡೆಯಬೇಕು, ಅದಕ್ಕೇ ಇಷ್ಟು ತಡವಾಗಿ ಹಾಕಿದ್ದು. ನಂತರ ರುಬ್ಬಿದ ಹಾಲು ಸೇರಿಸಿ, ಒಂದೇ ಕುದಿ ಬರುವವರೆಗೆ ಕೈಯಾಡಿಸುತ್ತಿರಿ. ಉರಿ ಆರಿಸಿ.

ಕೊನೆಯ ಐದು ನಿಮಿಷ

ಮಿಸೊವನ್ನು ಒಂದು ಸೌಟು ಬಿಸಿ ರಸದಲ್ಲಿ ಕದಡಿ ಈಗ ಸೇರಿಸಿ. ಕುದಿಸಿದರೆ ಅದರ ಘಮ ಹಾರಿಹೋಗುತ್ತದೆ. ಹುರಿದಿಟ್ಟ ಅಣಬೆಯಲ್ಲಿ ಮುಕ್ಕಾಲು ಭಾಗ ಒಳಗೆ ಹೋಗಲಿ, ಉಳಿದದ್ದು ಮೇಲಲಂಕಾರಕ್ಕೆ. ಕಾಳುಮೆಣಸನ್ನು ಆಗಷ್ಟೇ ಕುಟ್ಟಿ ಹಾಕಿ, ಖಾರ ಅದೊಂದರಿಂದಲೇ. ಥೈಮ್ ಕಡ್ಡಿಗಳನ್ನು ಆಯ್ದು ತೆಗೆಯಿರಿ.

ಹುಳಿ ಕಟ್ಟಕಡೆಗೆ. ಮೊದಲು ಒಂದು ಚಿಕ್ಕ ಚಮಚ ವಿನೆಗರ್ ಹಾಕಿ ಕಲಕಿ ರುಚಿ ನೋಡಿ, ಆಮೇಲೆ ಬೇಕೆನಿಸಿದರೆ ಇನ್ನೊಂದು. ಹುಳಿ ನಾಲಗೆಗೆ ಗೊತ್ತಾಗುವಷ್ಟು ಬೇಡ. ಹಾಕುವ ಮುಂಚೆ ಚೌಡರ್ ಮೊದ್ದಾಗಿ ಕೂತಿರುತ್ತದೆ, ಹಾಕಿದ ಮೇಲೆ ಜೋಳ ಬೇರೆ, ಅಣಬೆ ಬೇರೆ, ಹೊಗೆ ಬೇರೆಯಾಗಿ ಕೇಳಿಸುತ್ತದೆ. ಸಪ್ಪೆ ಅನ್ನಿಸಿದ ಕೂಡಲೇ ಉಪ್ಪಿನ ಡಬ್ಬಿಗೆ ಕೈ ಹಾಕುವ ಮೊದಲು ಈ ಹುಳಿ ಹಾಕಿ ನೋಡಿ. ಉಪ್ಪು ಅದಾದ ಮೇಲೆ.

ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಒಲೆಯ ಮೇಲಿರುವಾಗ ಸ್ವಲ್ಪ ತೆಳುವೆನ್ನಿಸಿದರೆ ಗಾಬರಿ ಬೇಡ. ಸೌಟಿನ ಬೆನ್ನಿನ ಮೇಲೆ ದೋಸೆ ಹಿಟ್ಟಿನಂತೆ ಪದರವಾಗಿ ನಿಲ್ಲುವುದೇ ಹದ.

ಹದ ತಪ್ಪಿದರೆ

ತೀರ ತೆಳುವಾಗಿದ್ದರೆ ಒಂದು ಸೌಟು ಆಲೂಗಡ್ಡೆ ಹೋಳನ್ನು ತಟ್ಟೆಗೆ ತೆಗೆದು ಫೋರ್ಕಿನಿಂದ ಕಿವುಚಿ ಮತ್ತೆ ಹಾಕಿ. ಕಾರ್ನ್ ಫ್ಲೋರ್ ಕದಡಿ ಸುರಿಯುವುದು ಸುಲಭದ ದಾರಿ, ಆದರೆ ಹೋಟೆಲಿನ ಸೂಪಿನ ಜಾರು ಬಂದುಬಿಡುತ್ತದೆ. ಗಟ್ಟಿಯಾದರೆ ಬಿಸಿನೀರು ಸಾಕು. ಉಪ್ಪು ಮುಂದಾದರೆ ಒಂದು ಆಲೂಗಡ್ಡೆ ಬೇರೆಯಾಗಿ ಬೇಯಿಸಿ ಸೇರಿಸಿ, ಅರ್ಧ ಕಪ್ ನೀರೂ ಇರಲಿ. ತೀರ ಸಿಹಿಯಾದರೆ, ಇತ್ತೀಚಿನ ತೆನೆಗಳು ಕೆಲವು ಸಕ್ಕರೆಯಷ್ಟೇ ಸಿಹಿ, ಕಾಳುಮೆಣಸು ಮತ್ತು ವಿನೆಗರ್ ಎರಡನ್ನೂ ಸ್ವಲ್ಪ ಹೆಚ್ಚಿಸಿ.

ತೆನೆ ಸಿಗದ ಕಾಲದಲ್ಲಿ ಫ್ರೀಜರಿನ ಕಾಳು ಚೆನ್ನಾಗಿಯೇ ಆಗುತ್ತದೆ. ದಿಂಡಿನ ರಸವೊಂದು ತಪ್ಪುತ್ತದೆ, ಅದಕ್ಕೆ ಮೂರು ಒಣ ಶಿಟಾಕೆ ಅಣಬೆ ಬಿಸಿನೀರಿನಲ್ಲಿ ನೆನೆಸಿ, ಆ ನೀರಿನಲ್ಲೇ ಕ್ಯಾರೆಟ್, ಸೆಲರಿಯ ತುದಿಗಳನ್ನು ಕುದಿಸಿಕೊಳ್ಳಿ. ನಾನು ಸೆಪ್ಟೆಂಬರಿನಲ್ಲೇ ದಿಂಡುಗಳನ್ನು ಚೀಲಕ್ಕೆ ತುಂಬಿ ಫ್ರೀಜರಿನಲ್ಲಿಡುತ್ತೇನೆ, ಜನವರಿಯ ಹಿಮದಲ್ಲಿ ಅವು ಕೆಲಸಕ್ಕೆ ಬರುತ್ತವೆ.

ಜೊತೆಗೆ ಏನು

ಮ್ಯಾಸಚೂಸೆಟ್ಸ್ ಸೇರಿದಂತೆ ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದವರು ಚೌಡರ್ ಮೇಲೆ ಆಯ್ಸ್ಟರ್ ಕ್ರ್ಯಾಕರ್ ಎಂಬ ಗುಂಡು ಗುಂಡಾದ ಪುಟ್ಟ ಬಿಸ್ಕತ್ತು ಉದುರಿಸುತ್ತಾರೆ. ಹೆಸರಿನಲ್ಲಿ ಸಿಂಪಿ ಇದ್ದರೂ ಒಳಗಿಲ್ಲ. ಹಾಲಿನ ಅಂಶ ಇದೆಯೇ ಎಂದು ಮಾತ್ರ ಪೊಟ್ಟಣ ನೋಡಿ. ನಮ್ಮ ಬೇಕರಿಯ ಖಾರ ಬಿಸ್ಕತ್ತು ನೆನಪಾಗುವುದು ಸಹಜ, ಆದರೆ ಅದರಲ್ಲಿ ಬೆಣ್ಣೆಯೋ ಮೊಸರೋ ಇರುವುದುಂಟು.

ನಮ್ಮ ಮನೆಯಲ್ಲಿ ಅದರ ಜಾಗಕ್ಕೆ ಬಂದದ್ದು ಖಡಕ್ ಜೋಳದ ರೊಟ್ಟಿ. ಬರೀ ಹಿಟ್ಟು, ನೀರು, ಉಪ್ಪು, ವಾರಗಟ್ಟಲೆ ಕೆಡದ ಒಣ ರೊಟ್ಟಿ. ಧಾರವಾಡದಿಂದ ಬರುವ ನೆಂಟರು ತರುವ ಕಟ್ಟಿನಲ್ಲಿ ಎರಡು ತೆಗೆದು ಬಟ್ಟಲಿನ ಮೇಲೆ ಮುರಿದು ಹಾಕಿದೆವು. ಮೊದಲ ಚೂರು ಕರಕರ, ನಾಲ್ಕನೆಯ ಚಮಚದ ಹೊತ್ತಿಗೆ ಅಂಚು ರಸ ಹೀರಿ ಮೆತ್ತಗಾಗಿ ಚೌಡರ್‌ಗೇ ದಪ್ಪ ಕೊಡುತ್ತದೆ. ಹಡಗಿನವರ ಕಲ್ಲುಬಿಸ್ಕತ್ತು ಮಾಡುತ್ತಿದ್ದದ್ದೂ ಇದನ್ನೇ. ಮಗಳು ಈಗ ಹಾಸ್ಟೆಲಿಗೆ ಹೊರಡುವಾಗ ರೊಟ್ಟಿಯ ಕಟ್ಟನ್ನು ತಾನೇ ಚೀಲಕ್ಕೆ ಹಾಕಿಕೊಳ್ಳುತ್ತಾಳೆ.

ಉಳಿದದ್ದನ್ನು ಇಡುವುದು

ಚೌಡರ್ ಮಾರನೆಯ ದಿನವೇ ಹೆಚ್ಚು ರುಚಿ ಎನ್ನುವುದು ಇಲ್ಲಿನವರ ಮಾತು, ನನ್ನ ಅನುಭವವೂ ಹೌದು. ಮಾಡಿದ ಎರಡು ಗಂಟೆಯೊಳಗೆ ಅಗಲವಾದ ಡಬ್ಬಿಗೆ ಸುರಿದು ಫ್ರಿಜ್ಜಿಗೆ ಸೇರಿಸಿ, ಮೂರು ದಿನ ಇಟ್ಟುಕೊಳ್ಳಬಹುದು. ತಣ್ಣಗಾದರೆ ಮುದ್ದೆಯಂತೆ ಕೂತಿರುತ್ತದೆ. ಅರ್ಧ ಕಪ್ ನೀರು ಬಿಟ್ಟು ಸಣ್ಣ ಉರಿಯಲ್ಲಿ, ಹೋಳು ಒಡೆಯದಂತೆ ತಳದಿಂದ ಮೇಲಕ್ಕೆ ಎತ್ತುತ್ತ ಬಿಸಿ ಮಾಡಿ. ಬಿಸಿಯಾದ ಮೇಲೆ ಎರಡು ಹನಿ ವಿನೆಗರ್ ಮತ್ತೆ ಹಾಕಿ, ಹಿಂದಿನ ದಿನದ್ದು ಅಡಗಿಹೋಗಿರುತ್ತದೆ.

ಫ್ರೀಜರಿನಲ್ಲಿಟ್ಟರೆ ಆಲೂಗಡ್ಡೆ ಹೋಳು ಸ್ಪಂಜಿನಂತಾಗಿ ನೀರು ಬಿಡುತ್ತದೆ. ಮುಂದೆಂದಿಗಾದರೂ ಬೇಕೆಂದರೆ ದೊಡ್ಡ ಹೋಳು ಹಾಕುವ ಮುಂಚಿನ ಹಂತದಲ್ಲೇ ಸ್ವಲ್ಪ ತೆಗೆದಿಡಿ. ಬೇಕಾದ ದಿನ ಅದನ್ನು ಕರಗಿಸಿ, ಹೊಸ ಆಲೂಗಡ್ಡೆ ಹೆಚ್ಚಿ ಹಾಕಿ ಬೇಯಿಸಿ, ಗೋಡಂಬಿ ಮಾತ್ರ ಆಗಷ್ಟೇ ರುಬ್ಬಿಕೊಳ್ಳಿ.